ಸುರುಳಿಯೂ ಮಡಿಕೆಯೂ: ದೆಹಲಿಯ ಗಣಕಯಂತ್ರಗಳಲ್ಲಿ ಅನುಕ್ರಮ ವಾಚನದ ಚರಿತ್ರೆ

1

ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಇಂದು ‘ಕಡತ’ವೆಂದರೆ ರಟ್ಟಿನ ಹೊದಿಕೆಯೊಳಗೆ ದಾರ ಪೋಣಿಸಿ ಕಟ್ಟಿದ ಕಾಗದಗಳ ಕಂತೆ. ದೆಹಲಿಯ ಸಚಿವಾಲಯಗಳಲ್ಲಿ ದುಡಿದ ಕನ್ನಡಿಗರು ‘ಫೈಲು’ ಎಂದು ಕರೆಯುತ್ತ ಬಂದುದೂ ಇದನ್ನೇ. ಆದರೆ ಆ ಮಾತಿನ ಹಳೆಯ ಅರ್ಥ ಬೇರೆ. ಕಡತವೆಂಬುದು ಮೂಲತಃ ಬಟ್ಟೆಯ ಪುಸ್ತಕ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸನು ಬರೆದ ದಕ್ಷಿಣ ಭಾರತದ ಚರಿತ್ರೆಯಲ್ಲಿ ಇದರ ವರ್ಣನೆಯುಂಟು. ಆ ಗ್ರಂಥದ ಮೊದಲ ಸಂಪುಟ 1810ರಲ್ಲಿ ಹೊರಬಂದಿತು. ಅವನು ಹೇಳುವಂತೆ, 8ರಿಂದ 12 ಅಂಗುಲ ಅಗಲವೂ 12ರಿಂದ 18 ಅಡಿ ಉದ್ದವೂ ಇರುವ ಹತ್ತಿಬಟ್ಟೆಗೆ ಎರಡು ಕಡೆಯಲ್ಲಿಯೂ ಅಂಟು ಮತ್ತು ಇದ್ದಿಲಪುಡಿಯ ಲೇಪವನ್ನು ಹಚ್ಚಿ, ಒಣಗಿದ ಮೇಲೆ ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಿಸಿ, ಎರಡು ತುದಿಗಳಿಗೂ ಮರದ ಹಲಗೆಗಳನ್ನು ಕೂಡಿಸುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದಾಗ ಅಳಿಸಿ ಪುನಃ ಬರೆಯಬಹುದಾಗಿತ್ತು. ವ್ಯಾಪಾರಿಗಳ ಲೆಕ್ಕವೂ ಸಂಸ್ಥಾನಗಳ ಪತ್ರವ್ಯವಹಾರವೂ ಇಂಥ ಕಡತಗಳಲ್ಲಿ ಉಳಿದು ಬಂದಿವೆ. ಶೃಂಗೇರಿ ಮಠದ ಕಡತಗಳು ಮಲೆನಾಡಿನ ಇತಿಹಾಸಕಾರರಿಗೆ ಸುಪರಿಚಿತವಾದ ಆಕರಗಳು.

ಈ ಹಳೆಯ ಪುಸ್ತಕದ ರಚನೆಯಲ್ಲಿ ಒಂದು ವಿಶೇಷವಿದೆ. ಅದು ಒಂದೇ ಉದ್ದನೆಯ ಪಟ್ಟಿ. ಬಿಡಿಸಿ ಎಳೆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದಬಹುದು. ಆದರೆ ಅದನ್ನು ಸುರುಳಿಯಾಗಿ ಸುತ್ತಿಲ್ಲ, ಮಡಿಸಲಾಗಿದೆ. ಆದುದರಿಂದ ಬೇಕಾದ ಮಡಿಕೆಯನ್ನು ನೇರವಾಗಿ ತೆರೆಯಲೂಬಹುದು. ಎಲ್ಲವನ್ನೂ ಓದಬೇಕೆನ್ನುವವನಿಗೂ ಒಂದನ್ನೇ ನೋಡಬೇಕೆನ್ನುವವನಿಗೂ ಕಡತವು ಸಮಾನವಾಗಿ ಒದಗುತ್ತದೆ. ಗಣಕಯಂತ್ರಗಳ ಪರಿಭಾಷೆಯಲ್ಲಿ ಮೊದಲನೆಯದನ್ನು ಅನುಕ್ರಮ ವಾಚನವೆಂದೂ ಎರಡನೆಯದನ್ನು ನೇರ ವಾಚನವೆಂದೂ ಕರೆಯಬಹುದು. ಇಪ್ಪತ್ತನೆಯ ಶತಮಾನದ ಯಂತ್ರಗಳು ಮೊದಲು ಕಲಿತದ್ದು ಸುರುಳಿಯ ಓದನ್ನು. ಮಡಿಕೆಯ ಓದು ಅವುಗಳಿಗೆ ತಡವಾಗಿ ಬಂದಿತು. ಈ ಬದಲಾವಣೆ ದೆಹಲಿಯಲ್ಲಿ ಹೇಗೆ ನಡೆಯಿತು, ಅದರಿಂದ ಯಾರ ಕೆಲಸ ಹಗುರವಾಯಿತು, ಯಾವುದು ಮರೆಯಾಗುವ ಸಂಭವವಿದೆ ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

2

ಯಂತ್ರದಿಂದ ಓದಿಸುವ ಪದ್ಧತಿಗೆ ಜನಗಣತಿಯೇ ತೌರುಮನೆ. ಅಮೆರಿಕದ 1890ರ ಜನಗಣತಿಗಾಗಿ ಹರ್ಮನ್ ಹಾಲರಿತ್ ಎಂಬಾತನು ಪ್ರತಿಯೊಬ್ಬ ವ್ಯಕ್ತಿಗೂ ಒಂದೊಂದು ದಪ್ಪಕಾಗದದ ಚೀಟಿಯನ್ನು ಗೊತ್ತುಮಾಡಿ, ಅದರಲ್ಲಿ ವಯಸ್ಸು, ಲಿಂಗ, ವೃತ್ತಿ ಮೊದಲಾದ ವಿವರಗಳನ್ನು ರಂಧ್ರಗಳ ಮೂಲಕ ಸೂಚಿಸುವ ಉಪಾಯವನ್ನು ಬಳಕೆಗೆ ತಂದನು. ಇದೇ ಮುಂದೆ ಪಂಚ್ ಕಾರ್ಡು ಎಂದು ಪ್ರಸಿದ್ಧವಾಯಿತು. 1928ರಲ್ಲಿ ಐಬಿಎಂ ಸಂಸ್ಥೆಯು 80 ಕಂಬಸಾಲುಗಳ ಕಾರ್ಡನ್ನು ತಂದಮೇಲೆ ಹಲವು ದಶಕಗಳ ಕಾಲ ಅದೇ ಮಾದರಿ ನಿಂತಿತು.

ಕಾರ್ಡುಗಳ ಕಂತೆಯನ್ನು ಯಂತ್ರವು ಒಂದಾದ ಮೇಲೊಂದರಂತೆ ನುಂಗಿ ಓದುತ್ತದೆ. ನೂರನೆಯ ಕಾರ್ಡನ್ನು ತಲುಪಬೇಕಾದರೆ ಮೊದಲ ತೊಂಬತ್ತೊಂಬತ್ತು ಸಾಗಿಹೋಗಬೇಕು. ಆದುದರಿಂದ ಓದುವುದಕ್ಕಿಂತ ಮೊದಲು ಅನುಕ್ರಮವನ್ನು ಸಿದ್ಧಪಡಿಸುವುದು ಅವಶ್ಯಕವಾಯಿತು. ಕಾರ್ಡು ವಿಂಗಡಿಸುವ ಯಂತ್ರವು ಒಂದು ಸಲಕ್ಕೆ ಒಂದೇ ಕಂಬಸಾಲನ್ನು ನೋಡಿ, ಅಲ್ಲಿರುವ ಅಂಕಿಗೆ ತಕ್ಕಂತೆ ಕಾರ್ಡನ್ನು ಬೇರೆ ಬೇರೆ ಗೂಡುಗಳಿಗೆ ಹಾಕುತ್ತಿತ್ತು. ಮೂರಂಕಿಯ ಸಂಖ್ಯೆಗಳನ್ನು ಜೋಡಿಸಲು ಮೂರು ಸಲ ಹಾಯಿಸಬೇಕು. ಅದೂ ಬಿಡಿಯ ಸ್ಥಾನದಿಂದ ಆರಂಭಿಸಿ. 213, 132, 231 ಎಂಬ ಮೂರು ಕಾರ್ಡುಗಳಿವೆಯೆಂದು ಭಾವಿಸೋಣ. ಬಿಡಿಯ ಸ್ಥಾನವನ್ನು ನೋಡಿದಾಗ 231, 132, 213 ಎಂದಾಗುತ್ತದೆ. ಹತ್ತರ ಸ್ಥಾನವನ್ನು ನೋಡಿದಾಗ 213, 231, 132 ಎಂದಾಗುತ್ತದೆ. ನೂರರ ಸ್ಥಾನವನ್ನು ನೋಡಿದಾಗ 132, 213, 231 ಎಂದು ಕ್ರಮಕ್ಕೆ ಬಂದುಬಿಡುತ್ತದೆ. ಹಿಂದಿನ ಸಲದ ಕ್ರಮವನ್ನು ಮುಂದಿನ ಸಲ ಕೆಡಿಸದಿರುವುದೇ ಇದರ ಗುಟ್ಟು. ಇಷ್ಟು ಶ್ರಮಪಟ್ಟು ಜೋಡಿಸಿದ ಕಂತೆ ಕೈಜಾರಿ ನೆಲಕ್ಕೆ ಬಿದ್ದರೆ ಒಂದು ರಂಧ್ರವೂ ಅಳಿಯುವುದಿಲ್ಲ. ಆದರೂ ಕೆಲಸವೆಲ್ಲ ಕೆಟ್ಟುಹೋಗುತ್ತದೆ. ದಾಖಲೆಯೆಂದರೆ ಬರೆದ ಅಕ್ಷರ ಮಾತ್ರವಲ್ಲ, ಅದರ ಕ್ರಮವೂ ಹೌದು ಎಂಬ ಸಂಗತಿ ಇದರಿಂದ ಸ್ಪಷ್ಟವಾಗುತ್ತದೆ.

1951ರಲ್ಲಿ ಅಮೆರಿಕದ ಜನಗಣತಿ ಇಲಾಖೆಯ ವಶಕ್ಕೆ ಬಂದ ಯುನಿವ್ಯಾಕ್ ಎಂಬ ಗಣಕಯಂತ್ರವು ಕಾರ್ಡಿಗೆ ಬದಲಾಗಿ ಲೋಹದ ಕಾಂತಪಟ್ಟಿಯನ್ನು ಉಪಯೋಗಿಸಿತು. ಮರುವರ್ಷ ಐಬಿಎಂ ಸಂಸ್ಥೆಯು ಅರ್ಧ ಅಂಗುಲ ಅಗಲದ ಪ್ಲಾಸ್ಟಿಕ್ ಟೇಪನ್ನು ಹೊರತಂದಿತು. ಅಲ್ಲಿಂದ ಮುಂದೆ ‘ಟೇಪು’ ಎಂಬುದು ಗಣಕಯಂತ್ರದ ನೆನಪಿಗೆ ಪರ್ಯಾಯನಾಮವೇ ಆಯಿತು. ಚಲನಚಿತ್ರಗಳಲ್ಲಿಯೂ ಪತ್ರಿಕೆಗಳ ಚಿತ್ರಗಳಲ್ಲಿಯೂ ಆ ಕಾಲದ ಗಣಕಯಂತ್ರವೆಂದರೆ ಸುತ್ತುತ್ತಿರುವ ಎರಡು ಸುರುಳಿಗಳೇ.

3

ಟೇಪಿನ ಓದು ಹೇಗೆ ನಡೆಯುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಒಳಿತು. ಏಕೆಂದರೆ ಮುಂದಿನ ಚರಿತ್ರೆಯೆಲ್ಲ ಇದರ ಇತಿಮಿತಿಗಳಿಂದ ಹುಟ್ಟಿದ್ದು.

ಆ ಕಾಲದ ಒಂದು ಪೂರ್ಣ ಸುರುಳಿ 2,400 ಅಡಿ ಉದ್ದವಿರುತ್ತಿತ್ತು. ಸಾಮಾನ್ಯವಾದ ಒಂದು ಟೇಪುಯಂತ್ರ ಅದನ್ನು ಸೆಕೆಂಡಿಗೆ 75 ಅಂಗುಲದ ವೇಗದಲ್ಲಿ ‘ಹೆಡ್’ ಎಂಬ ಓದುವ ಅವಯವದ ಮುಂದೆ ಎಳೆಯುತ್ತಿತ್ತು. ಹೆಡ್ ನಿಂತಲ್ಲೇ ಇರುತ್ತದೆ, ಓಡುವುದು ಟೇಪು. ವೇಗ ಏಕರೂಪವಾಗಿದ್ದಾಗ ಮಾತ್ರ ಸರಿಯಾಗಿ ಓದಲು ಸಾಧ್ಯ. ಒಂದು ದಾಖಲೆಯನ್ನು ಓದಿ ನಿಂತು, ಗಣಕಯಂತ್ರವು ಅದರ ಲೆಕ್ಕವನ್ನು ಮುಗಿಸಿದ ಮೇಲೆ ಪುನಃ ಹೊರಡಬೇಕಾದರೆ, ವೇಗ ಇಳಿಯುವುದಕ್ಕೂ ಏರುವುದಕ್ಕೂ ಖಾಲಿ ಜಾಗ ಬೇಕು. ಇದಕ್ಕಾಗಿ ಎರಡು ದಾಖಲೆಗಳ ನಡುವೆ ಮುಕ್ಕಾಲು ಅಂಗುಲ ತೆರಪು ಬಿಡುತ್ತಿದ್ದರು. ಅಂಗುಲಕ್ಕೆ 200 ಅಕ್ಷರಗಳಂತೆ ಬರೆದರೆ, ಒಂದು ಕಾರ್ಡಿನ 80 ಅಕ್ಷರಗಳಿಗೆ ಬೇಕಾದುದು ಅಂಗುಲದ ಹತ್ತರಲ್ಲಿ ನಾಲ್ಕು ಪಾಲು ಮಾತ್ರ. ಅಂದರೆ ಬರವಣಿಗೆಗಿಂತ ತೆರಪೇ ಹೆಚ್ಚು! ಈ ದುಂದನ್ನು ತಪ್ಪಿಸಲು ಹತ್ತಾರು ದಾಖಲೆಗಳನ್ನು ಸೇರಿಸಿ ಒಂದು ಕಟ್ಟು ಮಾಡಿ, ಕಟ್ಟುಗಳ ನಡುವೆ ಮಾತ್ರ ತೆರಪು ಬಿಡುವ ಕ್ರಮ ರೂಢಿಗೆ ಬಂದಿತು. ಹತ್ತು ದಾಖಲೆಗಳ ಕಟ್ಟು ನಾಲ್ಕು ಅಂಗುಲ ಹಿಡಿಯುತ್ತದೆ, ತೆರಪು ಮಾತ್ರ ಹಿಂದಿನಷ್ಟೇ. ಗಣಕಯಂತ್ರವು ಇಡೀ ಕಟ್ಟನ್ನು ಒಮ್ಮೆಲೇ ತನ್ನ ಒಳನೆನಪಿಗೆ ಎತ್ತಿಕೊಂಡು, ಅಲ್ಲಿ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ.

ಟೇಪಿನ ಮಧ್ಯದಲ್ಲಿ ಒಂದು ದಾಖಲೆಯನ್ನು ತಿದ್ದುವುದು ಕಷ್ಟ. ಹೊಸ ದಾಖಲೆಯನ್ನು ನಡುವೆ ತುರುಕುವುದಂತೂ ಅಸಾಧ್ಯ. ಆದುದರಿಂದ ಸಂಬಳದ ಲೆಕ್ಕದಂಥ ಕೆಲಸಗಳು ಹೀಗೆ ನಡೆಯುತ್ತಿದ್ದವು: ಎಲ್ಲ ನೌಕರರ ವಿವರವೂ ಸಂಖ್ಯಾಕ್ರಮದಲ್ಲಿ ಒಂದು ಮೂಲಸುರುಳಿಯಲ್ಲಿರುತ್ತದೆ. ತಿಂಗಳಿನ ಬದಲಾವಣೆಗಳನ್ನು, ಅಂದರೆ ರಜೆ, ಬಡ್ತಿ, ವರ್ಗಾವಣೆಗಳನ್ನು, ಅದೇ ಸಂಖ್ಯಾಕ್ರಮದಲ್ಲಿ ಜೋಡಿಸಿ ಇನ್ನೊಂದು ಸುರುಳಿಗೆ ಬರೆಯುತ್ತಾರೆ. ಎರಡನ್ನೂ ಜೊತೆಜೊತೆಯಾಗಿ ಓಡಿಸಿ, ಸಂಖ್ಯೆ ಕೂಡಿದಲ್ಲಿ ತಿದ್ದಿ, ಕೂಡದಲ್ಲಿ ಹಾಗೆಯೇ ನಕಲು ಮಾಡಿ, ಮೂರನೆಯ ಸುರುಳಿಯನ್ನು ಹೊಸದಾಗಿ ಬರೆಯುತ್ತಾರೆ. ಹತ್ತು ಸಾವಿರ ಜನರಲ್ಲಿ ಒಬ್ಬನ ವಿಳಾಸ ಬದಲಾದರೂ ಹತ್ತು ಸಾವಿರ ದಾಖಲೆಗಳನ್ನೂ ಪುನಃ ಬರೆಯಬೇಕು. ಹಳೆಯ ಸುರುಳಿಯನ್ನು ತಂದೆಯೆಂದೂ ಹೊಸದನ್ನು ಮಗನೆಂದೂ ಅದಕ್ಕೂ ಹಿಂದಿನದನ್ನು ಅಜ್ಜನೆಂದೂ ಕರೆಯುತ್ತಿದ್ದರು. ಮಗನಿಗೆ ಕೇಡಾದರೆ ತಂದೆಯಿಂದ ಮರಳಿ ಪಡೆಯಬಹುದು; ತಂದೆಯೂ ಕೆಟ್ಟರೆ ಅಜ್ಜನಿದ್ದಾನೆ. ಮೂರು ತಲೆಮಾರನ್ನು ಒಟ್ಟಿಗೆ ಕಾಪಾಡುವ ಈ ಪದ್ಧತಿಯಿಂದ ಟೇಪಿನ ದಾಖಲೆಗಳಿಗೆ ಒಂದು ಬಗೆಯ ಚಾರಿತ್ರಿಕ ಸ್ವಭಾವ ಬಂದಿತು.

ಇಲ್ಲಿ ಗಮನಿಸತಕ್ಕದ್ದು ಒಂದಿದೆ. ಈ ಏರ್ಪಾಡಿನಲ್ಲಿ ಕ್ರಮವನ್ನು ನಿರ್ಧರಿಸುವುದು ಸಂಸ್ಥೆ. ಸಂಸ್ಥೆಗೆ ತಿಂಗಳಿಗೊಮ್ಮೆ ಎಲ್ಲರ ಲೆಕ್ಕವೂ ಬೇಕು. ಅದಕ್ಕೆ ಅನುಕ್ರಮ ವಾಚನದಷ್ಟು ಮಿತವ್ಯಯದ ಮಾರ್ಗ ಬೇರೊಂದಿಲ್ಲ. ಆದರೆ ಒಬ್ಬ ನೌಕರನು ನಡುವೆ ಬಂದು “ನನ್ನ ಲೆಕ್ಕವೇನು?” ಎಂದು ಕೇಳಿದರೆ, “ಮುಂದಿನ ತಿಂಗಳ ಓಟಕ್ಕೆ ಕಾಯಿರಿ” ಎಂಬುದೇ ಉತ್ತರ.

4

ಭಾರತಕ್ಕೆ ಮೊದಲ ವಿದ್ಯುನ್ಮಾನ ಗಣಕಯಂತ್ರ ಬಂದುದು ಕಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ. ಇಂಗ್ಲೆಂಡಿನಿಂದ ತರಿಸಿದ ಎಚ್‌ಇಸಿ-2ಎಂ ಎಂಬ ಆ ಯಂತ್ರ 1956ರಲ್ಲಿ ಕೆಲಸಕ್ಕೆ ತೊಡಗಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಸ್ವದೇಶದಲ್ಲಿಯೇ ನಿರ್ಮಿಸಿದ ಟಿಫ್ರಾಕ್ 1960ರಲ್ಲಿ ಸಿದ್ಧವಾಯಿತು. ಈ ಎರಡೂ ಯಂತ್ರಗಳು ಮುಖ್ಯವಾಗಿ ವಿಜ್ಞಾನಿಗಳ ಮತ್ತು ಸಂಖ್ಯಾಶಾಸ್ತ್ರಜ್ಞರ ಸೇವೆಗೆ ಮೀಸಲಾಗಿದ್ದವು.

ಆಡಳಿತದ ಲೆಕ್ಕಗಳಿಗೆ ಗಣಕಯಂತ್ರವನ್ನು ವಿಸ್ತಾರವಾಗಿ ತೊಡಗಿಸಿದವರಲ್ಲಿ ರೈಲ್ವೆಯವರು ಮುಂದಿನವರು. 1960ರ ದಶಕದಲ್ಲಿ ರೈಲ್ವೆಯ ವಲಯಗಳಲ್ಲಿ ಐಬಿಎಂ 1401 ಯಂತ್ರಗಳನ್ನು ಸ್ಥಾಪಿಸಲಾಯಿತು. ನೌಕರರ ಸಂಬಳ, ಸಾಗಣೆಯ ಆದಾಯದ ಲೆಕ್ಕ, ದಾಸ್ತಾನು, ಅಂಕಿಅಂಶಗಳು ಅವುಗಳ ಕೆಲಸ. ಇವೆಲ್ಲವೂ ಎಲ್ಲರನ್ನೂ ಸರದಿಯಲ್ಲಿ ನೋಡಿ ಮುಗಿಸುವ ಕಾರ್ಯಗಳೆಂಬುದು ಸ್ಪಷ್ಟ. ದೆಹಲಿಯಲ್ಲಿ ಕೇಂದ್ರ ಸರ್ಕಾರದ ಸಂಖ್ಯಾ ಇಲಾಖೆಯ ಅಧೀನದಲ್ಲಿ 1967ರಲ್ಲಿ ಕಂಪ್ಯೂಟರ್ ಕೇಂದ್ರವೊಂದು ರಾಮಕೃಷ್ಣಪುರದಲ್ಲಿ ನೆಲೆಗೊಂಡಿತು. ದೆಹಲಿ ಕರ್ನಾಟಕ ಸಂಘದ ಭವನವಿರುವುದೂ ಇದೇ ರಾಮಕೃಷ್ಣಪುರದಲ್ಲಿ. ಕನ್ನಡಿಗರಿಗೆ ಆ ಬಡಾವಣೆಯನ್ನು ಬೇರೆಯಾಗಿ ಪರಿಚಯ ಮಾಡಿಕೊಡಬೇಕಾಗಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯೇ ಮೊದಲಾದ ಬೃಹತ್ ಸಮೀಕ್ಷೆಗಳ ಸಾಮಗ್ರಿಯನ್ನು ಸಂಸ್ಕರಿಸುವ ಮತ್ತು ಕಾಪಾಡುವ ಹೊಣೆ ಈ ಕೇಂದ್ರಕ್ಕೆ ಬಂದಿತು.

ಇಂಥ ಸಾಮಗ್ರಿಯನ್ನು ಕಾಪಾಡುವುದೆಂದರೆ ಸುರುಳಿಯನ್ನು ಧೂಳು ಶಾಖಗಳಿಂದ ರಕ್ಷಿಸುವುದಷ್ಟೇ ಅಲ್ಲ. ಟೇಪಿನ ಮೇಲೆ ಅಂಕಿಗಳು ಎಡೆಬಿಡದೆ ಸಾಲಾಗಿ ನಿಂತಿರುತ್ತವೆ. ಮೊದಲ ಎರಡು ಅಂಕಿ ರಾಜ್ಯ, ಮುಂದಿನವು ಜಿಲ್ಲೆ, ಅನಂತರದವು ಗ್ರಾಮ, ಕುಟುಂಬ, ವಯಸ್ಸು ಎಂಬ ವಿವರಣೆಯು ಬೇರೊಂದು ಕಾಗದದಲ್ಲಿರುತ್ತದೆ. ಆ ಕಾಗದ ಕಳೆದುಹೋದರೆ ಅಂಕಿಗಳು ಉಳಿದೂ ಮಾತು ಸತ್ತುಹೋಗುತ್ತದೆ. ಪತ್ರಾಂಕವಿಲ್ಲದ ಓಲೆಗರಿಗಳ ದಾರ ಬಿಚ್ಚಿಹೋದಾಗ ಗ್ರಂಥಸಂಪಾದಕನಿಗೆ ಒದಗುವ ಸಂಕಟವೂ ಇದೇ ಜಾತಿಯದು.

5

ಅನುಕ್ರಮ ವಾಚನ ಸೋತುಹೋದ ಸ್ಥಳವನ್ನು ನೋಡಬೇಕಾದರೆ ದೆಹಲಿಯ ರೈಲ್ವೆ ಟಿಕೆಟ್ ಕಚೇರಿಗೆ ಹೋಗಬೇಕು.

ದೆಹಲಿಯಲ್ಲಿ ನೆಲಸಿದ ಕನ್ನಡಿಗನಿಗೆ ಊರಿಗೆ ಹೋಗುವುದೆಂದರೆ ಸುಮಾರು 2,400 ಕಿಲೋಮೀಟರುಗಳ ಪ್ರಯಾಣ. ಕರ್ನಾಟಕ ಎಕ್ಸ್‌ಪ್ರೆಸ್ ಗಾಡಿಯು ಮೊದಲು ಕೇರಳದ ಗಾಡಿಯೊಡನೆ ಕೂಡಿ ಓಡುತ್ತಿದ್ದುದರಿಂದ ‘ಕೆ.ಕೆ.’ ಎಂಬ ಹೆಸರು ಅದಕ್ಕೆ ಬಹುಕಾಲ ಅಂಟಿಕೊಂಡಿತ್ತು. ಅದರಲ್ಲಿ ಮಲಗುವ ಸ್ಥಳ ದೊರೆಯುವುದೇ ಬೇಸಗೆ ರಜೆಯ ದೊಡ್ಡ ಚಿಂತೆ. ಪ್ರತಿಯೊಂದು ಗಾಡಿಗೂ ಪ್ರತಿಯೊಂದು ದಿನಕ್ಕೂ ಪುಸ್ತಕದಲ್ಲಿ ಪ್ರತ್ಯೇಕವಾದ ಪುಟಗಳಿದ್ದವು. ಆ ಪುಸ್ತಕ ಇರುವ ಕೌಂಟರಿನಲ್ಲಿಯೇ ಆ ಗಾಡಿಯ ಸ್ಥಳ ದೊರೆಯಬೇಕು. ಪುಸ್ತಕವನ್ನು ಒಂದು ಹೊತ್ತಿಗೆ ಒಬ್ಬ ಗುಮಾಸ್ತನು ಮಾತ್ರ ನೋಡಬಲ್ಲ. ಪಕ್ಕದ ಕೌಂಟರು ಬರಿದಾಗಿದ್ದರೂ ಪ್ರಯೋಜನವಿಲ್ಲ. ಬೆಂಗಳೂರಿನಿಂದ ಹಿಂದಿರುಗುವ ಸ್ಥಳಕ್ಕಾಗಿ ತಂತಿ ಕಳುಹಿಸಿ, ಅಲ್ಲಿಂದ ಉತ್ತರ ಬರುವವರೆಗೆ ಕಾಯಬೇಕು. ಹಲವು ಕೈಗಳು ಏಕಕಾಲದಲ್ಲಿ ಪುಸ್ತಕವನ್ನು ತೆರೆಯಲು ಸಾಧ್ಯವಿಲ್ಲದ್ದರಿಂದ ಜನರೇ ಸಾಲಾಗಿ ನಿಲ್ಲಬೇಕಾಯಿತು.

ಈ ಕಾರ್ಯವನ್ನು ಟೇಪಿಗೆ ವಹಿಸಬಹುದಾಗಿತ್ತೆ? ಲೆಕ್ಕ ಹಾಕಿದರೆ ಉತ್ತರ ತಿಳಿಯುತ್ತದೆ. 2,400 ಅಡಿಯೆಂದರೆ 28,800 ಅಂಗುಲ. ಸೆಕೆಂಡಿಗೆ 75 ಅಂಗುಲದಂತೆ ಅದನ್ನು ಓದಿ ಮುಗಿಸಲು 384 ಸೆಕೆಂಡು ಬೇಕು. ಒಬ್ಬ ಪ್ರಯಾಣಿಕನು ಕೇಳಿದ ಗಾಡಿಯ ದಾಖಲೆ ಸರಾಸರಿಯಲ್ಲಿ ಟೇಪಿನ ಮಧ್ಯದಲ್ಲಿರುವುದೆಂದು ಹಿಡಿದರೂ 192 ಸೆಕೆಂಡು, ಅಂದರೆ ಮೂರು ನಿಮಿಷಕ್ಕಿಂತ ಹೆಚ್ಚು. ಸ್ಥಳವನ್ನು ಕೊಟ್ಟಿದ್ದೇವೆಂದು ಬರೆಯಲು ಮತ್ತೊಂದು ಸುರುಳಿ. ಅಷ್ಟರಲ್ಲಿ ಮುಂದಿನ ಪ್ರಯಾಣಿಕನು ಟೇಪಿನ ಮೊದಲಲ್ಲಿರುವ ಗಾಡಿಯನ್ನು ಕೇಳುತ್ತಾನೆ. ಪ್ರಯಾಣಿಕರು ಗಾಡಿಗಳ ಸಂಖ್ಯಾಕ್ರಮದಲ್ಲಿ ಬರುವುದಿಲ್ಲ. ಅವರವರ ಮನೆಯ ಮದುವೆ, ಮರಣ, ಪರೀಕ್ಷೆಗಳ ಕ್ರಮದಲ್ಲಿ ಬರುತ್ತಾರೆ. ಹೀಗಾಗಿ ಅದೇ ರೈಲ್ವೆಯು ತನ್ನ ಸಂಬಳದ ಲೆಕ್ಕವನ್ನು 1960ರ ದಶಕದಲ್ಲಿಯೇ ಯಂತ್ರಕ್ಕೆ ಒಪ್ಪಿಸಿದರೂ ಪ್ರಯಾಣಿಕನ ಪ್ರಶ್ನೆಯನ್ನು ಒಪ್ಪಿಸಲು ಇನ್ನೂ ಸುಮಾರು ಇಪ್ಪತ್ತು ವರ್ಷಗಳು ಹಿಡಿದವು.

ಅದಕ್ಕೆ ಬೇಕಾದ ಸಾಧನ ಹೊರದೇಶಗಳಲ್ಲಿ ಆಗಲೇ ಹುಟ್ಟಿತ್ತು. 1956ರಲ್ಲಿ ಐಬಿಎಂ ಹೊರತಂದ ರಾಮ್ಯಾಕ್ ಯಂತ್ರದಲ್ಲಿ ಎರಡೆರಡು ಅಡಿ ವ್ಯಾಸದ 50 ತಟ್ಟೆಗಳು ಒಂದೇ ಅಚ್ಚಿನ ಮೇಲೆ ನಿಮಿಷಕ್ಕೆ 1,200 ಸುತ್ತುಗಳಂತೆ ತಿರುಗುತ್ತಿದ್ದವು. 50 ಲಕ್ಷ ಅಕ್ಷರಗಳಿಗೆ ಅದರಲ್ಲಿ ಸ್ಥಳವಿತ್ತು. ಇಲ್ಲಿ ಓದುವ ಹೆಡ್ ತಾನೇ ಚಲಿಸಿ, ಬೇಕಾದ ತಟ್ಟೆಯ ಬೇಕಾದ ವೃತ್ತಕ್ಕೆ ನೇರವಾಗಿ ಹೋಗುತ್ತದೆ. ‘ಇಂಥ ಸಂಖ್ಯೆಯ ದಾಖಲೆ ಇಂಥ ವೃತ್ತದಲ್ಲಿದೆ’ ಎಂದು ತಿಳಿಸುವ ಸೂಚಿಯೊಂದನ್ನು ಜೊತೆಯಲ್ಲಿಟ್ಟರೆ ಮಡಿಕೆಯನ್ನು ನೇರವಾಗಿ ತೆರೆದಂತಾಯಿತು. ಅಮೆರಿಕದ ವಿಮಾನ ಸಂಸ್ಥೆಯೊಂದು ಡಿಸ್ಕುಗಳ ನೆರವಿನಿಂದ 1960ರ ದಶಕದಲ್ಲಿಯೇ ಆಸನಗಳನ್ನು ಕಾಯ್ದಿರಿಸತೊಡಗಿತು.

ದೆಹಲಿಯಲ್ಲಿ ಈ ಕಾರ್ಯ ನೆರವೇರಿದ್ದು 1985ರ ನವೆಂಬರಿನಲ್ಲಿ. ಸರ್ಕಾರದ ಒಡೆತನದಲ್ಲಿದ್ದ ಸಿಎಂಸಿ ಸಂಸ್ಥೆಯು ವ್ಯಾಕ್ಸ್ ಗಣಕಯಂತ್ರಗಳನ್ನು ಬಳಸಿ ನಿರ್ಮಿಸಿದ ಮುಂಗಡ ಕಾಯ್ದಿರಿಸುವಿಕೆಯ ವ್ಯವಸ್ಥೆ ಹೊಸ ದೆಹಲಿಯಲ್ಲಿ ಆರಂಭವಾಯಿತು. ಯಾವ ಕೌಂಟರಿನಲ್ಲಿ ನಿಂತರೂ ಯಾವ ಗಾಡಿಯ ಸ್ಥಳವನ್ನಾದರೂ ಕೇಳಬಹುದೆಂಬುದು ಪ್ರಯಾಣಿಕನಿಗೆ ಹೊಸ ಅನುಭವ. ಅನಂತರದ ವರ್ಷಗಳಲ್ಲಿ ಮುಂಬಯಿ, ಕಲ್ಕತ್ತ, ಮದರಾಸು, ಸಿಕಂದರಾಬಾದುಗಳಲ್ಲಿಯೂ ಇಂಥ ಕೇಂದ್ರಗಳಾದವು. ಆದರೆ ಪ್ರತಿಯೊಂದಕ್ಕೂ ತನ್ನ ವಲಯದ ಗಾಡಿಗಳಷ್ಟೇ ಗೊತ್ತು. 1999ರಲ್ಲಿ ಐದು ಕೇಂದ್ರಗಳೂ ಒಂದು ಜಾಲವಾಗಿ ಕೂಡಿಕೊಂಡಮೇಲೆ, ದೆಹಲಿಯಲ್ಲಿ ನಿಂತು ಬೆಂಗಳೂರಿನಿಂದ ಮರಳುವ ಸ್ಥಳವನ್ನು ಪಡೆಯಲು ತಂತಿಯ ಹಂಗು ಉಳಿಯಲಿಲ್ಲ. 2002ರಿಂದ ಮನೆಯಲ್ಲಿಯೇ ಕುಳಿತು ಅಂತರಜಾಲದ ಮೂಲಕ ಟಿಕೆಟ್ ಪಡೆಯುವುದೂ ಸಾಧ್ಯವಾಯಿತು.

ಹಾಗೆಂದು ಅನುಕ್ರಮ ಮಾಯವಾಯಿತೆಂದು ತಿಳಿಯಬಾರದು. ಒಂದೇ ಸ್ಥಳವನ್ನು ಎರಡು ಕೌಂಟರುಗಳು ಒಂದೇ ಕ್ಷಣದಲ್ಲಿ ಕೇಳಿದರೆ ಒಂದನ್ನು ತಡೆದು ಇನ್ನೊಂದನ್ನು ಮುಗಿಸುವುದು ಯಂತ್ರದ ಕೆಲಸ; ಜನರ ಸಾಲು ಯಂತ್ರದೊಳಕ್ಕೆ ಸರಿದು ಕ್ಷಣಾರ್ಧದ ಸಾಲಾಯಿತು. ಗಾಡಿ ಹೊರಡುವ ಮೊದಲು ಪ್ರಯಾಣಿಕರ ಪಟ್ಟಿಯನ್ನು ಸಿದ್ಧಪಡಿಸುವಾಗ ಆ ಗಾಡಿಯ ಡಬ್ಬಿಗಳನ್ನೂ ಸ್ಥಳಗಳನ್ನೂ ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿಯೇ ಓದಬೇಕು. ಇದಲ್ಲದೆ ಇಂಥ ವ್ಯವಸ್ಥೆಗಳಲ್ಲಿ ನಡೆದ ಪ್ರತಿಯೊಂದು ವ್ಯವಹಾರವನ್ನೂ ನಡೆದ ಕ್ರಮದಲ್ಲಿಯೇ ಒಂದು ದಿನಚರಿಯಂತೆ ಬರೆದಿಡುವುದುಂಟು. ಡಿಸ್ಕು ಕೆಟ್ಟಾಗ ಹಳೆಯ ನಕಲನ್ನು ತೆಗೆದುಕೊಂಡು, ದಿನಚರಿಯನ್ನು ಮೊದಲಿನಿಂದ ಓದುತ್ತ ಬಂದರೆ ಕೆಟ್ಟ ಗಳಿಗೆಯವರೆಗಿನ ಸ್ಥಿತಿ ಮರಳಿ ದೊರೆಯುತ್ತದೆ.

6

ಇದೇ ಪರಿವರ್ತನೆ ದೆಹಲಿಯಿಂದ ಕರ್ನಾಟಕದ ಹಳ್ಳಿಗಳಿಗೂ ತಲುಪಿತು. ಅದರ ಹಿಂದೆ ಇದ್ದ ಸಂಸ್ಥೆ 1976ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮಾಹಿತಿ ಕೇಂದ್ರ, ಜನರ ಬಾಯಲ್ಲಿ ಎನ್‌ಐಸಿ. ಅದನ್ನು ಕಟ್ಟಿ ಬೆಳೆಸಿದ ಮಹಾನಿರ್ದೇಶಕರು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವ್ಯಾಸಂಗ ಮಾಡಿದ್ದ ಡಾ. ಎನ್. ಶೇಷಗಿರಿಯವರು. 1980ರ ದಶಕದಲ್ಲಿ ಉಪಗ್ರಹದ ಮೂಲಕ ಜಿಲ್ಲಾಕೇಂದ್ರಗಳನ್ನು ದೆಹಲಿಯೊಡನೆ ಜೋಡಿಸುವ ಜಾಲವು ಅವರ ನೇತೃತ್ವದಲ್ಲಿ ರೂಪುಗೊಂಡಿತು. 2005ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. 2013ರಲ್ಲಿ ಅವರು ನಿಧನರಾದರು.

ಕರ್ನಾಟಕದಲ್ಲಿ ಭೂಮಿಯ ಲೆಕ್ಕ ತಲೆಮಾರುಗಳ ಕಾಲ ಶಾನುಭೋಗರ ಕೈಯಲ್ಲಿತ್ತು. ಗ್ರಾಮದ ವಂಶಪಾರಂಪರ್ಯದ ಹುದ್ದೆಗಳನ್ನು 1961ರ ಕಾಯಿದೆ ರದ್ದುಮಾಡಿದ ಮೇಲೆ ಆ ಲೆಕ್ಕ ಸರ್ಕಾರ ನೇಮಿಸಿದ ಗ್ರಾಮಲೆಕ್ಕಿಗರಿಗೆ ಬಂದಿತು. ಕೈ ಬದಲಾದರೂ ಪುಸ್ತಕ ಒಬ್ಬನ ಬಳಿಯೇ ಇತ್ತು. ಪಹಣಿ ಬೇಕಾದ ರೈತನು ಆ ಒಬ್ಬನನ್ನು ಹುಡುಕಿಕೊಂಡು ಹೋಗಬೇಕಾಗಿತ್ತು. ಎನ್‌ಐಸಿಯ ಕರ್ನಾಟಕ ಶಾಖೆ ರಚಿಸಿದ ‘ಭೂಮಿ’ ಎಂಬ ವ್ಯವಸ್ಥೆ 2000ದ ಸುಮಾರಿನಲ್ಲಿ ಬಳಕೆಗೆ ಬಂದು, ಸುಮಾರು 67 ಲಕ್ಷ ರೈತರಿಗೆ ಸಂಬಂಧಿಸಿದ 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಸರ್ವೆ ನಂಬರನ್ನು ಹೇಳಿ, ಆಗಿನ ದರದಂತೆ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಸರ್ವೆ ನಂಬರೇ ಇಲ್ಲಿ ಮಡಿಕೆಯನ್ನು ತೆರೆಯುವ ಬೀಗದ ಕೈ.

ಆದರೆ ಬೀಗದ ಕೈ ಇಲ್ಲದವನ ಗತಿಯೇನು? ಸರ್ವೆ ನಂಬರಿಲ್ಲದ ಕೂಲಿಕಾರನು ಆ ಕಿಂಡಿಗೆ ಬರುವುದೇ ಇಲ್ಲ. ಬಂದರೂ ಕೇಳಬಹುದಾದ ಪ್ರಶ್ನೆ ಅವನ ಬಳಿ ಇಲ್ಲ. ನೇರ ವಾಚನವು ಕೇಳಿದವನಿಗೆ ಒಡನೆಯೇ ಉತ್ತರ ಕೊಡುತ್ತದೆ, ಕೇಳದವನನ್ನು ಕಾಣುವುದಿಲ್ಲ. ಇದು ಯಾವುದೋ ಒಂದು ಕಚೇರಿಯ ದೋಷವಲ್ಲ, ಆ ಓದಿನ ಸ್ವಭಾವ.

7

ಈ ಮಾತು ಹೊರನಾಡಿನ ಕನ್ನಡಿಗರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ದೆಹಲಿಯಲ್ಲಿ ಎಷ್ಟು ಮಂದಿ ಕನ್ನಡಿಗರಿದ್ದಾರೆಂಬುದನ್ನು ಯಾವ ಕಿಂಡಿಯಲ್ಲಿ ಕೇಳಿದರೂ ತಿಳಿಯುವುದಿಲ್ಲ. ಅವರು ಒಂದು ಬೀದಿಯಲ್ಲಿಲ್ಲ, ಒಂದು ವೃತ್ತಿಯಲ್ಲಿಲ್ಲ. ಜನಗಣತಿಯವರು ಮನೆ ಮನೆಗೂ ಹೋಗಿ ‘ನಿಮ್ಮ ಮಾತೃಭಾಷೆ ಯಾವುದು?’ ಎಂದು ಕೇಳಿ, ಬಂದ ಉತ್ತರಗಳನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಒಂದನ್ನೂ ಬಿಡದೆ ಓದಿದಾಗ ಮಾತ್ರ ಆ ಸಂಖ್ಯೆ ಹುಟ್ಟುತ್ತದೆ. ಮೊದಲು ಈ ಓದು ಚೀಟಿಗಳನ್ನು ಗೂಡುಗಳಿಗೆ ಹಾಕುವ ಕೈಕೆಲಸವಾಗಿತ್ತು. 2001ರಲ್ಲಿ ಕೈಬರಹವನ್ನು ತಾನೇ ಗುರುತಿಸುವ ಯಂತ್ರಗಳಿಗೆ ಗಣತಿಯ ಹಾಳೆಗಳನ್ನು ಉಣಿಸಲಾಯಿತು. ಸಾಧನ ಬದಲಾದರೂ ಎಲ್ಲವನ್ನೂ ಓದಬೇಕೆಂಬ ನಿಯಮ ಬದಲಾಗಲಿಲ್ಲ.

ಹಾಗೆ ಎಲ್ಲವನ್ನೂ ಓದಿದುದರ ಫಲವಾಗಿಯೇ 1961ರ ಜನಗಣತಿಯು 1,652 ಮಾತೃಭಾಷೆಗಳ ಹೆಸರನ್ನು ದಾಖಲಿಸಿತು. 1971ರಿಂದ ಮೊದಲ್ಗೊಂಡು 10,000ಕ್ಕಿಂತ ಕಡಿಮೆ ಜನರಾಡುವ ಮಾತುಗಳನ್ನು ಬೇರೆಯಾಗಿ ತೋರಿಸದೆ ‘ಇತರ’ ಎಂಬ ಗುಂಪಿಗೆ ಸೇರಿಸುವ ಕ್ರಮ ಬಂದಿತು. ಅವುಗಳನ್ನು ಆಡುವವರೂ ಲೆಕ್ಕಕ್ಕೆ ಬಂದವರೇ. ಓದಿದ ಮೇಲೆ ಪ್ರಕಟಣೆಯಲ್ಲಿ ಅವರ ಹೆಸರು ಮರೆಯಾಯಿತು. 2011ರ ಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿದವರು 4 ಕೋಟಿ 37 ಲಕ್ಷ. ಅವರಲ್ಲಿ ದೆಹಲಿಯ ಕನ್ನಡಿಗರೂ ಸೇರಿದ್ದಾರೆ. ತಾವು ಕೇಳದಿದ್ದರೂ ಸರದಿಯಲ್ಲಿ ಅವರ ಹೆಸರು ಬಂದಿತು. ಅನುಕ್ರಮ ವಾಚನ ನಿಧಾನವಾದುದೇನೋ ದಿಟ. ಆದರೆ ಸರದಿಯಲ್ಲಿ ನಿಂತ ಯಾರನ್ನೂ ಅದು ಹಾರಿಸಿ ಹೋಗುವುದಿಲ್ಲ. ಅಲ್ಪಸಂಖ್ಯಾತರಿಗೂ ಮೂಕರಿಗೂ ಅದೇ ಆಸರೆ.

ಆದುದರಿಂದ ಟೇಪಿನ ಕಾಲ ಮುಗಿಯಿತು, ಡಿಸ್ಕಿನ ಕಾಲ ಬಂದಿತು ಎಂದು ಈ ಚರಿತ್ರೆಯನ್ನು ಸಂಗ್ರಹಿಸಿ ಹೇಳುವುದು ಸಮಂಜಸವಾಗಲಾರದು. ಯುರೋಪಿನ ಪರಮಾಣು ಸಂಶೋಧನ ಕೇಂದ್ರವಾದ ಸೆರ್ನ್ ಮೊದಲಾದ ಸಂಸ್ಥೆಗಳು ತಮ್ಮ ಅಪಾರವಾದ ಸಾಮಗ್ರಿಯನ್ನು ಇಂದಿಗೂ ಕಾಂತಪಟ್ಟಿಯಲ್ಲಿಯೇ ಕಾಪಾಡುತ್ತಿವೆ. ತಿರುಗುವ ಡಿಸ್ಕು ಕೂಡ ಒಂದೇ ವೃತ್ತವನ್ನು ಸಾಲಾಗಿ ಓದುವಾಗ ಕೊಡುವ ವೇಗವನ್ನು ಅಲ್ಲಲ್ಲಿಗೆ ನೆಗೆದು ಓದುವಾಗ ಕೊಡಲಾರದು. ‘ಇವನೊಬ್ಬನ ವಿಷಯವೇನು?’ ಎಂಬ ಪ್ರಶ್ನೆಗೆ ಮಡಿಕೆ ಬೇಕು. ‘ಎಲ್ಲರ ವಿಷಯವೇನು?’ ಎಂಬ ಪ್ರಶ್ನೆಗೆ ಸುರುಳಿ ಬೇಕು. ಕೇವಲ ಮೊದಲನೆಯದನ್ನು ತಿಳಿದ ಆಡಳಿತ ಕಿಂಡಿಗೆ ಬಂದವನನ್ನಷ್ಟೇ ಪ್ರಜೆಯೆಂದು ಎಣಿಸೀತು. ಕೇವಲ ಎರಡನೆಯದನ್ನು ತಿಳಿದ ಆಡಳಿತ ಮಗಳ ಮದುವೆಗೆ ಹೊರಟವನನ್ನು ಮುಂದಿನ ತಿಂಗಳಿನವರೆಗೆ ನಿಲ್ಲಿಸೀತು.

ಹಿಂದಿನವರ ಕಡತದಲ್ಲಿ ಇವೆರಡೂ ಕೂಡಿದ್ದವು. ಅಂಗಡಿಯ ಶೆಟ್ಟರು ಗಿರಾಕಿ ಬಂದಾಗ ಅವನ ಮಡಿಕೆಯನ್ನು ತೆರೆಯಬಹುದಾಗಿತ್ತು. ವರ್ಷದ ಕೊನೆಗೆ ಹಲಗೆಗಳನ್ನು ಬಿಡಿಸಿ ಹದಿನೆಂಟು ಅಡಿ ಉದ್ದಕ್ಕೂ ಹಾಸಿ, ಬಾಕಿ ಯಾರಲ್ಲಿ ಉಳಿದಿದೆಯೆಂದು ಮೊದಲಿನಿಂದ ನೋಡಬಹುದಾಗಿತ್ತು. ಹೆಸರನ್ನು ಮಾತ್ರ ಉಳಿಸಿಕೊಂಡ ಇಂದಿನ ಕಚೇರಿಗಳು ಆ ಎರಡು ಬಗೆಯ ಓದನ್ನೂ ಉಳಿಸಿಕೊಳ್ಳುವುದು ಯುಕ್ತ.